ಕೊಳ ಮುಚ್ಚುವ ಮುನ್ನ ಕೊಳವೆ ಬರಿದಾಗಲಿ: ಚಳಿಗಾಲಕ್ಕೆ ಮನೆಯ ಸ್ವಿಮ್ಮಿಂಗ್ ಪೂಲ್ ಮುಚ್ಚುವ ಬಗೆ

ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆಯಿತೋ ಇಲ್ಲವೋ, ಇಲ್ಲಿ ನ್ಯೂಜೆರ್ಸಿಯ ಕನ್ನಡದ ಗೆಳೆಯರಿಂದ ಫೋನ್ ಬರಲು ಶುರುವಾಗುತ್ತದೆ. ‘ಮಕ್ಕಳ ಸ್ಕೂಲು ಶುರುವಾಯ್ತು, ಇನ್ನು ಯಾರೂ ನೀರಿಗೆ ಇಳಿಯಲ್ಲ. ಈ ಶನಿವಾರ ಪೂಲ್ ಮುಚ್ಚಿಬಿಡಲಾ?’ ಪ್ರತಿವರ್ಷ ನನ್ನ ಉತ್ತರ ಒಂದೇ: ತಡೀರಿ, ನೀರು ತಣ್ಣಗಾಗಲಿ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ದೀಪಾವಳಿ ಕಳೆದರೂ ಪೂಲ್ ಹಾಗೇ ಇರುತ್ತದೆ, ಒಂದು ರಾತ್ರಿ ಫ್ರೀಜ್ ವಾರ್ನಿಂಗ್ ಬಂದಾಗ ಗಾಬರಿಯಲ್ಲಿ ಕರೆ ಮಾಡುತ್ತಾರೆ. ಈ ಎರಡು ತುದಿಗಳ ನಡುವೆ ಮೂರ್ನಾಲ್ಕು ವಾರಗಳ ಒಳ್ಳೆಯ ಸಮಯವಿದೆ. ಆ ಸಮಯದಲ್ಲಿ ಏನೇನು ಮಾಡಬೇಕು, ಯಾವುದರ ಹಿಂದೆ ಯಾವುದು ಬರಬೇಕು, ಯಾಕೆ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ನೆಲದಲ್ಲಿ ತೋಡಿ ಕಟ್ಟಿದ ಪೂಲ್. 16 ಅಡಿ ಅಗಲ, 32 ಅಡಿ ಉದ್ದ, ಒಳಮೈಗೆ ವಿನೈಲ್ ಲೈನರ್ ಎಂಬ ಪ್ಲಾಸ್ಟಿಕ್ ಹಾಸು, ನೀರು ಸೋಸಲು ಮರಳು ತುಂಬಿದ ಸ್ಯಾಂಡ್ ಫಿಲ್ಟರ್, ಗ್ಯಾಸ್ ಹೀಟರ್. ನೀರನ್ನು ಎಳೆದುಕೊಳ್ಳಲು ನೀರಿನ ಮಟ್ಟದಲ್ಲಿ ಗೋಡೆಗೆ ಕೂರಿಸಿದ ಎರಡು ಸ್ಕಿಮ್ಮರ್ ಮತ್ತು ತಳದಲ್ಲಿ ಒಂದು ಮೇನ್ ಡ್ರೇನ್, ಮರಳಿ ಬಿಡಲು ಗೋಡೆಯಲ್ಲಿ ಮೂರು ರಿಟರ್ನ್. ಈ ಕಡೆಯ ಬಹಳಷ್ಟು ಹಿತ್ತಲುಗಳಲ್ಲಿ ಹೆಚ್ಚುಕಡಿಮೆ ಇದೇ ಜೋಡಣೆ ಇರುತ್ತದೆ. ನಿಮ್ಮದು ಕಾಂಕ್ರೀಟ್ ಆಗಿದ್ದರೂ ಫೈಬರ್‌ಗ್ಲಾಸ್ ಆಗಿದ್ದರೂ ಕೆಲಸದ ಬೆನ್ನೆಲುಬು ಬದಲಾಗುವುದಿಲ್ಲ.

ಒಡೆಯುವುದು ಕೊಳವಲ್ಲ, ಕೊಳವೆ

ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಇಡೀ ಕೆಲಸ ಈ ಒಂದು ಸಂಗತಿಯ ಸುತ್ತ ನಿಂತಿದೆ.

ಪೂಲಿನ ನೀರಿಗೆ ಹಿಗ್ಗಲು ಜಾಗವಿದೆ, ಮೇಲೆ ಆಕಾಶ ತೆರೆದಿದೆ. ಅದೂ ಅಲ್ಲದೆ ನೀರು ಅತಿ ಭಾರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳಕ್ಕಿಳಿಯುತ್ತದೆ, ಅದಕ್ಕಿಂತ ತಣ್ಣನೆಯದು ಮೇಲೆ ಬಂದು ಅಲ್ಲೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಜನವರಿಯಲ್ಲಿ ಮೇಲೆ ಕೆಲವು ಇಂಚು ಗಡ್ಡೆ ಕಟ್ಟಿದರೂ ಎಂಟಡಿ ಕೆಳಗಿನ ನೀರು ನೀರಾಗಿಯೇ ಇರುತ್ತದೆ. ಆದರೆ ಒಂದೂವರೆ ಇಂಚಿನ ಪಿವಿಸಿ ಪೈಪಿನಲ್ಲಿ, ಪಂಪಿನ ಹೊಟ್ಟೆಯಲ್ಲಿ, ಹೀಟರಿನ ತಾಮ್ರದ ಸುರುಳಿಯಲ್ಲಿ ಉಳಿದ ನೀರಿಗೆ ಹೋಗಲು ದಾರಿಯಿಲ್ಲ. ಅದು ಗೋಡೆಯನ್ನೇ ಸೀಳುತ್ತದೆ. ಪಂಪ್, ಹೀಟರ್ ಎಲ್ಲ ನೆಲದ ಮೇಲೆ ಬಯಲಲ್ಲಿ ನಿಂತಿರುತ್ತವೆ. ನೆಲದೊಳಗಿನ ಪೈಪಿಗೂ ಪೂರ್ತಿ ರಕ್ಷಣೆಯಿಲ್ಲ. ನ್ಯೂಜೆರ್ಸಿಯಲ್ಲಿ ಮನೆಯ ಅಡಿಪಾಯವನ್ನು ಎರಡೂವರೆಯಿಂದ ಮೂರು ಅಡಿ ಆಳಕ್ಕೆ ಹಾಕಿಸುವುದೇ ನೆಲ ಅಲ್ಲಿಯವರೆಗೆ ಹೆಪ್ಪುಗಟ್ಟಬಹುದೆಂಬ ಲೆಕ್ಕದಲ್ಲಿ. ಪೂಲಿನ ಪೈಪ್ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುತ್ತದೆ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಎರಡನೆಯ ವರ್ಷ ಎಲ್ಲವನ್ನೂ ಸರಿಯಾಗಿ ಮಾಡಿದ್ದೆ: ಔಷಧಿ, ಕವರ್, ಪೈಪಿಗೆ ಗಾಳಿ. ಹೀಟರಿನ ಅಡಿಯ ಎರಡು ಡ್ರೇನ್ ಪ್ಲಗ್‌ಗಳಲ್ಲಿ ಒಂದನ್ನು ಮಾತ್ರ ಬಿಚ್ಚಿದ್ದೆ. ಇನ್ನೊಂದು ಹಿಂಬದಿಯಲ್ಲಿತ್ತು, ಕಣ್ಣಿಗೆ ಬೀಳಲಿಲ್ಲ. ಮೇ ತಿಂಗಳಲ್ಲಿ ಪಂಪ್ ಹಾಕಿದಾಗ ಹೀಟರಿನೊಳಗಿಂದ ನೀರು ಚಿಮ್ಮಿತು. ಒಂದು ಲೋಟದಷ್ಟು ನೀರು ಉಳಿದದ್ದಕ್ಕೆ ನೀರು ಕಾಯಿಸುವ ಆ ತಾಮ್ರದ ಸುರುಳಿಯನ್ನೇ, ಅಂದರೆ ಇಡೀ ಹೀಟ್ ಎಕ್ಸ್‌ಚೇಂಜರ್ ಬದಲಾಯಿಸಬೇಕಾಯಿತು. ಅಂದಿನಿಂದ ನಾನು ಪ್ಲಗ್ ಎಣಿಸುತ್ತೇನೆ. ನಮ್ಮಲ್ಲಿ ಏಳು: ಪಂಪಿನವು ಎರಡು, ಫಿಲ್ಟರಿನದು ಒಂದು, ಹೀಟರಿನವು ಎರಡು, ಪ್ರೆಷರ್ ಗೇಜ್ ಒಂದು, ಫಿಲ್ಟರಿನ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಗಾಜಿನ ಬುರುಡೆ ಒಂದು. ನಿಮ್ಮಲ್ಲಿ ಎಷ್ಟಿವೆ ಎಂದು ಬೇಸಿಗೆಯಲ್ಲೇ, ಕೈ ಬೆಚ್ಚಗಿರುವಾಗ, ಒಮ್ಮೆ ಹುಡುಕಿ ಬರೆದಿಡಿ.

ಹಾಗಿದ್ದರೆ ಪೂಲನ್ನೇ ಖಾಲಿ ಮಾಡಿಬಿಟ್ಟರೆ? ಊರಿಂದ ಬಂದಿದ್ದ ನಮ್ಮ ಮಾವನವರು ಕೇಳಿದ ಮೊದಲ ಪ್ರಶ್ನೆ ಇದು. ಸಹಜವೇ. ನಮ್ಮ ಕಡೆ ಸಂಪು ತೊಳೆಯುವುದೆಂದರೆ ಪೂರ್ತಿ ಖಾಲಿ ಮಾಡಿ, ತಳ ಉಜ್ಜಿ, ಒಣಗಲು ಬಿಡುವುದು. ಇಲ್ಲಿ ಹಾಗೆ ಮಾಡಲೇಬೇಡಿ. ಒಳಗಿನ ನೀರಿನ ಭಾರವೇ ಸುತ್ತಲಿನ ಮಣ್ಣನ್ನು, ನೆಲದಡಿಯ ಅಂತರ್ಜಲವನ್ನು ತಡೆದು ನಿಲ್ಲಿಸಿರುತ್ತದೆ. ನೀರು ತೆಗೆದರೆ ಕಾಂಕ್ರೀಟ್ ತೊಟ್ಟಿಯನ್ನು ಅಂತರ್ಜಲ ಕೆಳಗಿಂದ ಎತ್ತಿ ದೋಣಿಯಂತೆ ಮೇಲೆ ತರಬಲ್ಲದು. ಫೈಬರ್‌ಗ್ಲಾಸ್ ಗೋಡೆ ಒಳಕ್ಕೆ ಉಬ್ಬುತ್ತದೆ. ವಿನೈಲ್ ಲೈನರ್ ಕುಗ್ಗಿ, ಪೆಡಸಾಗಿ ಹರಿದುಹೋಗುತ್ತದೆ. ನೀರು ಇರಲಿ, ತುಸು ಇಳಿಯಲಿ ಅಷ್ಟೆ.

ಯಾವಾಗ ಮುಚ್ಚಬೇಕು

ನೀರಿನ ಉಷ್ಣತೆ ದಿನವೂ 65 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿಲ್ಲತೊಡಗಿದಾಗ. ಇನ್ನೂ ತಣ್ಣಗಾದರೆ ಇನ್ನೂ ಒಳ್ಳೆಯದು. ಗಾಳಿಯ ಉಷ್ಣತೆ ನೋಡಬೇಡಿ, ಪೂಲಿನ ಥರ್ಮಾಮೀಟರನ್ನೇ ನೋಡಿ. ನೀರು ನಿಧಾನಕ್ಕೆ ತಣಿಯುತ್ತದೆ. ಬೆಚ್ಚಗಿನ ನೀರನ್ನು ಮುಚ್ಚಿಟ್ಟರೆ ಕವರಿನಡಿಯಲ್ಲಿ ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ತುಂಬುವವರಿಲ್ಲ, ಪಾಚಿ ಬೆಳೆಯುತ್ತದೆ. ಏಪ್ರಿಲ್‌ನಲ್ಲಿ ಕವರ್ ಎತ್ತಿದಾಗ ನಿಮ್ಮೆದುರು ಇರುವುದು ಹಸಿರು ಕೆರೆ.

ನಮ್ಮ ಮನೆಯಲ್ಲಿ ಇದಕ್ಕೆ ಒಂದು ಸುಲಭ ಗುರುತಿದೆ. ಗಣೇಶನ ಹಬ್ಬಕ್ಕೆ ಮುಚ್ಚುವುದಿಲ್ಲ, ವಿಜಯದಶಮಿ ಕಳೆದ ಮೇಲೆ ಮುಚ್ಚುತ್ತೇವೆ. ಆಯುಧಪೂಜೆಯ ದಿನ ಕಾರು, ಲಾನ್‌ಮೋವರ್‌ ಜೊತೆ ಪಂಪಿಗೂ ಅರಿಶಿನ ಕುಂಕುಮ ಇಡುತ್ತಾಳೆ ನನ್ನ ಹೆಂಡತಿ. ಬೇಸಿಗೆಯಿಡೀ ದುಡಿದದ್ದಕ್ಕೆ ಅದು ಸಲ್ಲಬೇಕಾದ ಗೌರವ. ಅದರ ನಂತರದ ವಾರದಲ್ಲಿ ಸಾಮಾನ್ಯವಾಗಿ ನೀರೂ ಹದಕ್ಕೆ ಬಂದಿರುತ್ತದೆ. ಹಬ್ಬ ಸೆಪ್ಟೆಂಬರ್ ಕೊನೆಗೇ ಬಂದುಬಿಟ್ಟರೆ ಮಾತ್ರ ಪಂಚಾಂಗ ಬಿಟ್ಟು ಥರ್ಮಾಮೀಟರ್ ಮಾತು ಕೇಳಿ.

ಎಲೆಗಳ ಲೆಕ್ಕವೂ ಇದೆ. ಮೇಪಲ್ ಎಲೆ ಅಕ್ಟೋಬರ್‌ನಲ್ಲೇ ಉದುರುತ್ತದೆ, ಓಕ್ ಎಲೆ ನವೆಂಬರ್‌ವರೆಗೂ ಕಾಯಿಸುತ್ತದೆ. ಎಲ್ಲ ಎಲೆ ಉದುರಲಿ ಎಂದು ಕಾದರೆ ಹಿಮ ಮೊದಲು ಬಂದೀತು. ಕಾಯುತ್ತಿರುವಾಗ ಒಂದು ರಾತ್ರಿ ಉಷ್ಣತೆ ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುನ್ಸೂಚನೆ ಬಂದರೆ ಪಂಪನ್ನು ರಾತ್ರಿಯಿಡೀ ಓಡಿಸಿ. ಹರಿಯುವ ನೀರು ಸುಲಭಕ್ಕೆ ಹೆಪ್ಪುಗಟ್ಟದು.

ಒಂದು ವಾರ ಮೊದಲು: ನೀರನ್ನು ಹದಕ್ಕೆ ತರುವುದು

ಔಷಧಿ ಬೆರೆಯಲು ಪಂಪ್ ಓಡಬೇಕು, ಪಂಪ್ ಬಿಚ್ಚಿದ ಮೇಲೆ ಏನೂ ಮಾಡಲಾಗದು. ಆದ್ದರಿಂದ ಇದು ಮೊದಲ ಕೆಲಸ.

ನಿಮ್ಮ ಪೂಲಿನಲ್ಲಿ ಎಷ್ಟು ನೀರಿದೆ ಎಂದು ಗೊತ್ತಿರಬೇಕು. ಆಯತಾಕಾರದ ಪೂಲಿಗೆ ಉದ್ದ, ಅಗಲ, ಸರಾಸರಿ ಆಳ ಮೂರನ್ನೂ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 7.5ರಿಂದ ಗುಣಿಸಿದರೆ ಗ್ಯಾಲನ್ ಸಿಗುತ್ತದೆ. ನಮ್ಮದರ ಸರಾಸರಿ ಆಳ 5 ಅಡಿ, ಒಟ್ಟು 19,200 ಗ್ಯಾಲನ್, ಅಂದರೆ ಸುಮಾರು 72,700 ಲೀಟರ್.

ಟೆಸ್ಟ್ ಕಿಟ್‌ನಲ್ಲಿ ನೋಡಬೇಕಾದ್ದು ಮುಖ್ಯವಾಗಿ ನಾಲ್ಕು. ಪಿಎಚ್ 7.2ರಿಂದ 7.6ರ ನಡುವೆ ಇರಲಿ. ಪಿಎಚ್ ಏರುಪೇರಾಗದಂತೆ ಹಿಡಿದಿಡುವ ಆಲ್ಕಲಿನಿಟಿ 80ರಿಂದ 120 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿಗೆ ಅಷ್ಟು ಭಾಗ. ಗಡಸುತನ, ಅಂದರೆ ಕ್ಯಾಲ್ಸಿಯಂ, ಕಾಂಕ್ರೀಟ್ ಪೂಲಾದರೆ 200ರಿಂದ 400. ಮತ್ತೆ ಕ್ಲೋರಿನ್. ತಣ್ಣನೆಯ ನೀರು ಬೆಚ್ಚನೆಯ ನೀರಿಗಿಂತ ಹೆಚ್ಚು ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ‘ಸರಿ’ ಇದ್ದ ನೀರು ಚಳಿಯಲ್ಲಿ ಹಸಿದು, ಕಾಂಕ್ರೀಟ್ ಪೂಲಿನ ಪ್ಲಾಸ್ಟರನ್ನು ಆರು ತಿಂಗಳು ಕೂತು ತಿನ್ನಬಹುದು. ಕಾಂಕ್ರೀಟ್ ಪೂಲಿನವರು ಈ ಅಂಕಿಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಆಲ್ಕಲಿನಿಟಿ ಕಡಿಮೆಯಿದ್ದರೆ ಅಂಗಡಿಯ ದುಬಾರಿ ಡಬ್ಬಿ ಬೇಕಿಲ್ಲ, ಅಡುಗೆ ಸೋಡಾ ಸಾಕು. ಡಬ್ಬಿಯಲ್ಲಿರುವುದೂ ಅದೇ. 10,000 ಗ್ಯಾಲನ್‌ಗೆ ಸುಮಾರು ಒಂದೂವರೆ ಪೌಂಡ್ ಹಾಕಿದರೆ 10 ಪಿಪಿಎಂ ಏರುತ್ತದೆ. ನಮ್ಮ ಪೂಲಿಗೆ ಮೂರು ಪೌಂಡ್, ಹೆಚ್ಚುಕಡಿಮೆ 1.3 ಕಿಲೋ. ಪಿಎಚ್ ಏರಿಸಲು ವಾಷಿಂಗ್ ಸೋಡಾ, ಇಳಿಸಲು ಮ್ಯೂರಿಯಾಟಿಕ್ ಆಸಿಡ್.

ಅದೇ ವಾರ ಗೋಡೆಗಳನ್ನು ಬ್ರಶ್ ಹಾಕಿ ಉಜ್ಜಿ, ತಳ ವ್ಯಾಕ್ಯೂಮ್ ಮಾಡಿ, ತೇಲುವ ಕಸ ತೆಗೆಯಿರಿ. ಮೆಟ್ಟಿಲಿನ ಮೂಲೆ, ಏಣಿಯ ಹಿಂಬದಿ, ದೀಪದ ಸುತ್ತಲಿನ ಅಂಚು, ಪಾಚಿ ಅಡಗುವುದು ಅಲ್ಲೇ. ತಳದಲ್ಲಿ ಉಳಿದ ಒಂದು ಹಿಡಿ ಓಕ್ ಎಲೆ ಆರು ತಿಂಗಳಲ್ಲಿ ಚಹಾದ ಸೊಪ್ಪಿನಂತೆ ಬಣ್ಣ ಬಿಟ್ಟು ಲೈನರಿನ ಮೇಲೆ ಕಂದು ಕಲೆ ಮಾಡುತ್ತದೆ.

ಎರಡು ಮೂರು ದಿನ ಮೊದಲು, ಸಂಜೆ: ಶಾಕ್

ಕ್ಲೋರಿನನ್ನು ಒಮ್ಮೆ ಮೇಲಕ್ಕೆ ಎತ್ತಿ ನೀರಿನಲ್ಲಿರುವ ಜೀವಾಣುಗಳನ್ನೆಲ್ಲ ಮುಗಿಸುವುದಕ್ಕೆ ಇಲ್ಲಿ ಶಾಕ್ ಎನ್ನುತ್ತಾರೆ. ನಾನು ಬಳಸುವುದು ದ್ರವ ಕ್ಲೋರಿನ್. ಶೇ. 10ರ ದ್ರವ ಒಂದು ಗ್ಯಾಲನ್ ಹಾಕಿದರೆ 10,000 ಗ್ಯಾಲನ್ ನೀರಿನಲ್ಲಿ 10 ಪಿಪಿಎಂ ಏರುತ್ತದೆ. ಲೆಕ್ಕ ಬಾಯಲ್ಲೇ ಬರುತ್ತದೆ. ನಮ್ಮ ಪೂಲಿಗೆ ಎರಡು ಗ್ಯಾಲನ್. ಸೂರ್ಯ ಮುಳುಗಿದ ಮೇಲೆ ಹಾಕಿ, ಬಿಸಿಲು ಕ್ಲೋರಿನನ್ನು ತಿಂದುಹಾಕುತ್ತದೆ. ರಾತ್ರಿಯಿಡೀ ಪಂಪ್ ಓಡಲಿ. ಬಿಸಿಲಿನಿಂದ ಕ್ಲೋರಿನನ್ನು ಕಾಯುವ ಸ್ಟೆಬಿಲೈಸರ್ ನೀರಿನಲ್ಲಿ ಜಾಸ್ತಿ ಸೇರಿಕೊಂಡಿದ್ದರೆ ಇನ್ನೂ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪೂಲಿನ ಔಷಧಿಗಳನ್ನು ಒಂದಕ್ಕೊಂದು ಬೆರೆಸಲೇಬೇಡಿ, ಒಂದೇ ಬಕೆಟ್ ಅಥವಾ ಸೌಟನ್ನು ಎರಡಕ್ಕೆ ಬಳಸಲೂಬೇಡಿ. ಕ್ಲೋರಿನ್‌ಗೆ ಆಸಿಡ್ ತಾಗಿದರೆ ವಿಷದ ಗಾಳಿ ಏಳುತ್ತದೆ. ಪುಡಿಯ ಶಾಕ್ ಮತ್ತು ಕ್ಲೋರಿನ್ ಮಾತ್ರೆ, ಎರಡೂ ‘ಕ್ಲೋರಿನ್’ ಎಂದೇ ಕರೆಸಿಕೊಂಡರೂ, ಬೆರೆತರೆ ಬೆಂಕಿ ಹತ್ತಿ ಸಿಡಿಯಬಲ್ಲವು. ಔಷಧಿಯನ್ನು ನೀರಿಗೆ ಹಾಕಿ, ನೀರನ್ನು ಔಷಧಿಗೆ ಹಾಕಬೇಡಿ. ಗ್ಯಾರೇಜಿನಲ್ಲಿ ಇಡುವಾಗಲೂ ಆಸಿಡ್ ಒಂದು ಮೂಲೆಯಾದರೆ ಕ್ಲೋರಿನ್ ಇನ್ನೊಂದು ಮೂಲೆ.

ಕ್ಲೋರಿನ್ ಇಳಿದು 5 ಪಿಪಿಎಂಗಿಂತ ಕೆಳಗೆ ಬರುವವರೆಗೆ ಕವರ್ ಹಾಕಬೇಡಿ. ಹೆಚ್ಚಿನ ಕ್ಲೋರಿನ್ ಲೈನರಿನ ಬಣ್ಣವನ್ನೂ ಕವರಿನ ನೂಲನ್ನೂ ಕೆಡಿಸುತ್ತದೆ. ಪಾಚಿನಾಶಕ ಹಾಕುವುದೂ ಆಮೇಲೆಯೇ. ಅಂಗಡಿಯಲ್ಲಿ ಎರಡು ಜಾತಿ ಸಿಗುತ್ತವೆ. ಒಂದು ತಾಮ್ರದ್ದು. ಅಡಕೆ ತೋಟದ ಮನೆಯವರಿಗೆ ಇದರ ಪರಿಚಯ ಹೊಸದಲ್ಲ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿ ಇರುವುದೂ ತಾಮ್ರವೇ. ಮೈಲುತುತ್ತ ಕಲಸಿದ ಹಂಡೆ, ಬಟ್ಟೆ ಎಲ್ಲ ನೀಲಿಯಾಗುವುದು ನೆನಪಿರಬಹುದು. ಇಲ್ಲೂ ಹಾಗೆಯೇ, ತಾಮ್ರ ಹೆಚ್ಚಾದರೆ ಗೋಡೆಗೆ ಕಲೆ, ತಲೆಗೂದಲಿಗೆ ಹಸಿರು. ಅದಕ್ಕೆ ನಾನು ಇನ್ನೊಂದು ಜಾತಿ, ಪಾಲಿಕ್ವಾಟ್ 60 ಎಂದು ಬರೆದಿರುವುದನ್ನೇ ತರುತ್ತೇನೆ. ಕಲೆ ಮಾಡುವುದಿಲ್ಲ, ನೊರೆ ಬರುವುದಿಲ್ಲ, ಚಳಿಗಾಲವಿಡೀ ತಡೆಯುತ್ತದೆ. ಬಾಟಲಿಯ ಮೇಲಿನ ಅಳತೆಯಷ್ಟು ಮುಚ್ಚುವ ಹಿಂದಿನ ದಿನ ಹಾಕಿ ಪಂಪ್ ಓಡಿಸಿ.

‘ಕ್ಲೋಸಿಂಗ್ ಕಿಟ್’ ಎಂದು ಡಬ್ಬದಲ್ಲಿ ಮಾರುವ ಏಳೆಂಟು ಬಾಟಲಿಗಳು ನನ್ನ ಅನುಭವದಲ್ಲಿ ಬೇಕಿಲ್ಲ. ಶುಭ್ರವಾದ ನೀರು, ಹದವಾದ ಪಿಎಚ್, ಸಾಕಷ್ಟು ಕ್ಲೋರಿನ್, ಒಂದು ಬಾಟಲಿ ಪಾಲಿಕ್ವಾಟ್. ಅಷ್ಟರಲ್ಲಿ ಮುಗಿಯುತ್ತದೆ.

ಮುಚ್ಚುವ ದಿನ: ನೀರು ಇಳಿಸುವುದು

ಈ ದಿನಕ್ಕೆ ಇಬ್ಬರು ಬೇಕು. ಒಬ್ಬರು ಪಂಪಿನ ಬಳಿ, ಇನ್ನೊಬ್ಬರು ನೀರಿನ ಅಂಚಿನಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿ, ಬೆಳಕಿರುವಾಗ ಮುಗಿಯಬೇಕು.

ಮೊದಲು ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಒಳಗಿನ ಮರಳು ತೊಳೆಯಿರಿ. ಕಾರ್ಟ್ರಿಜ್ ಫಿಲ್ಟರ್ ಇರುವವರು ಅದನ್ನು ತೆಗೆದು ಹೋಸ್‌ನಿಂದ ತೊಳೆದು ಒಣಗಿಸಿ ಒಳಗಿಡಿ. ಆಮೇಲೆ ಮಲ್ಟಿಪೋರ್ಟ್ ವಾಲ್ವನ್ನು ‘ವೇಸ್ಟ್’ಗೆ ತಿರುಗಿಸಿ, ಸ್ಕಿಮ್ಮರ್ ವಾಲ್ವ್ ಮುಚ್ಚಿ, ಮೇನ್ ಡ್ರೇನ್‌ನಿಂದ ಮಾತ್ರ ನೀರೆಳೆದು ಹೊರಬಿಡಿ. ನೀರು ಸ್ಕಿಮ್ಮರಿನ ಬಾಯಿಗಿಂತ ಕೆಳಗಿಳಿದಾಗ ಅದು ಗಾಳಿ ಎಳೆದುಕೊಳ್ಳುತ್ತದೆ, ಅದಕ್ಕೇ ಈ ಎಚ್ಚರ.

ಎಷ್ಟು ಇಳಿಸಬೇಕೆಂಬುದು ಕವರಿನ ಮೇಲೆ ನಿಂತಿದೆ. ನೀರು ಸೋಸಿ ಇಳಿಯುವ ಮೆಶ್ ಕವರ್ ಆದರೆ ಪೂಲಿನ ಅಂಚಿನಿಂದ ಸುಮಾರು ಒಂದು ಅಡಿ ಕೆಳಗೆ. ಮಳೆ, ಹಿಮ ಅದರ ಮೂಲಕ ಒಳಗಿಳಿದು ಮತ್ತೆ ತುಂಬುತ್ತದೆ. ನೀರು ಬಿಡದ ಗಟ್ಟಿ ಕವರ್ ಆದರೆ ಸ್ಕಿಮ್ಮರ್ ಬಾಯಿಯಿಂದ ನಾಲ್ಕೈದು ಇಂಚು ಕೆಳಗೆ ಸಾಕು. ಯಾವ ಕವರ್ ಆದರೂ ಅಂಚಿನಿಂದ ಒಂದೂವರೆ ಅಡಿಗಿಂತ ಕೆಳಗೆ ಇಳಿಸಬೇಡಿ. ಫೆಬ್ರವರಿಯ ಹಿಮದ ಭಾರ ಬಿದ್ದಾಗ ಕವರ್ ತಗ್ಗಿ ನೀರಿನ ಮೇಲೆ ಒರಗಬೇಕು. ಒರಗಲು ನೀರು ಸಿಗದಿದ್ದರೆ ಸ್ಪ್ರಿಂಗ್ ಮತ್ತು ಪಟ್ಟಿಗಳು ಜಗ್ಗಿ ಹೋಗುತ್ತವೆ. ಅಂಚಿನಲ್ಲಿ ಟೈಲ್ಸ್ ಇರುವ ಪೂಲಿನಲ್ಲಿ ನೀರು ಟೈಲ್ಸಿಗಿಂತ ಕೆಳಗಿರಲಿ, ಗಡ್ಡೆ ಅವನ್ನು ಕೀಳದಂತೆ.

ಹೊರಬಿಟ್ಟ ನೀರು ರಸ್ತೆ ಬದಿಯ ಚರಂಡಿಗೆ ಹೋಗುವುದು ಬೇಡ. ಆ ಚರಂಡಿ ನೇರ ಹೊಳೆಗೆ ಸೇರುತ್ತದೆ, ಕ್ಲೋರಿನ್ ಮೀನನ್ನು ಕೊಲ್ಲುತ್ತದೆ. ಕ್ಲೋರಿನ್ ಪೂರ್ತಿ ಇಳಿದ ನೀರನ್ನು ನಿಮ್ಮ ಹುಲ್ಲಿನ ಮೇಲೇ ನಿಧಾನಕ್ಕೆ ಹರಿಸಿ. ಉಪ್ಪಿನಿಂದಲೇ ಕ್ಲೋರಿನ್ ತಯಾರಿಸಿಕೊಳ್ಳುವ ಉಪ್ಪಿನ ಪೂಲಿನವರು ಮಾತ್ರ ಹಾಗೆ ಮಾಡುವ ಮುನ್ನ ಟೌನ್‌ಶಿಪ್ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ, ಉಪ್ಪು ಹುಲ್ಲನ್ನು ಸುಡುತ್ತದೆ.

ಪೈಪುಗಳಿಂದ ನೀರು ಹೊರಹಾಕುವುದು

ಇಡೀ ದಿನದ ಮುಖ್ಯ ಕೆಲಸ ಇದು. ಇಲ್ಲಿ ಅವಸರ ಮಾಡಬೇಡಿ.

ಮೊದಲು ಬ್ರೇಕರ್ ಆಫ್ ಮಾಡಿ. ಟೈಮರ್ ಮಾತ್ರ ಆಫ್ ಮಾಡಿದರೆ ಸಾಲದು, ಡಿಸೆಂಬರ್‌ನಲ್ಲಿ ಯಾರೋ ಕೈತಾಗಿಸಿ ಒಣ ಪಂಪ್ ಓಡಿದರೆ ಸುಟ್ಟುಹೋಗುತ್ತದೆ. ಹೀಟರಿನ ಗ್ಯಾಸ್ ವಾಲ್ವ್ ಮುಚ್ಚಿ. ಕ್ಲೋರಿನೇಟರಿನಲ್ಲಿ ಉಳಿದ ಮಾತ್ರೆಗಳನ್ನು ಕೈಗವಸು ಹಾಕಿಕೊಂಡು ತೆಗೆಯಿರಿ. ರಿಟರ್ನ್ ಬಾಯಲ್ಲಿರುವ ಗುಂಡನೆಯ ತುದಿಗಳನ್ನು, ಸ್ಕಿಮ್ಮರಿನ ಬುಟ್ಟಿಗಳನ್ನು ಬಿಚ್ಚಿಡಿ. ಆಮೇಲೆ ಫಿಲ್ಟರಿನ ಡ್ರೇನ್ ಪ್ಲಗ್ ಬಿಚ್ಚಿ. ಟ್ಯಾಂಕ್ ಖಾಲಿಯಾಗಲು ತುಂಬಾ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಉಳಿದ ಕೆಲಸ ಸಾಗುತ್ತದೆ.

ಗಾಳಿಗೆ ನಾನು ಬಳಸುವುದು ಗ್ಯಾರೇಜಿನ ಶಾಪ್ ವ್ಯಾಕ್, ಅಂದರೆ ದೊಡ್ಡ ವ್ಯಾಕ್ಯೂಮ್ ಕ್ಲೀನರ್. ಅದರ ಹೋಸನ್ನು ಎಳೆಯುವ ಬಾಯಿಂದ ತೆಗೆದು ಊದುವ ಬಾಯಿಗೆ ಹಾಕಿದರೆ ಮುಗಿಯಿತು. ಬೇಕಾದ್ದು ಒತ್ತಡವಲ್ಲ, ಧಾರಾಳ ಗಾಳಿ. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ತರಬೇಡಿ. ಮುಚ್ಚಿದ ಫಿಲ್ಟರ್ ಟ್ಯಾಂಕಿನಲ್ಲಿ ಒತ್ತಡದ ಗಾಳಿ ಸಿಕ್ಕಿಕೊಂಡರೆ ಅದರ ಮುಚ್ಚಳ ಸಿಡಿದು ಮನುಷ್ಯರ ಜೀವ ತೆಗೆಯಬಲ್ಲದು. ಮಲ್ಟಿಪೋರ್ಟನ್ನು ‘ರೀಸರ್ಕ್ಯುಲೇಟ್’ಗೆ ತಿರುಗಿಸಿದರೆ ಗಾಳಿ ಫಿಲ್ಟರಿನೊಳಗೆ ಹೋಗದೆ ನೇರ ಮುಂದಕ್ಕೆ ಹೋಗುತ್ತದೆ.

ರಿಟರ್ನ್ ಕಡೆಯಿಂದ ಶುರುಮಾಡಿ. ಸ್ಕಿಮ್ಮರ್ ಮತ್ತು ಮೇನ್ ಡ್ರೇನ್ ವಾಲ್ವ್‌ಗಳನ್ನು ಮುಚ್ಚಿ, ಪಂಪಿನ ಬಳಿಯಿಂದ ಗಾಳಿ ಊದಿ. ಅದು ಹೀಟರ್ ಹಾದು, ನೆಲದೊಳಗಿನ ಪೈಪ್ ಹಾದು, ಹತ್ತಿರದ ರಿಟರ್ನ್‌ನಲ್ಲಿ ಗುಳುಗುಳು ಎಂದು ಹೊರಬರುತ್ತದೆ. ಒಂದೆರಡು ನಿಮಿಷ ಬರೀ ಗಾಳಿ ಬರಲಿ. ಗಾಳಿ ಬರುತ್ತಿರುವಾಗಲೇ ರಬ್ಬರ್ ಪ್ಲಗ್ ತುರುಕಿ, ಅದರ ಕಿವಿಯನ್ನು ತಿರುಗಿಸಿ ಬಿಗಿಮಾಡಿ. ಆಗ ಗಾಳಿ ಎರಡನೆಯ ರಿಟರ್ನ್ ಹುಡುಕಿಕೊಂಡು ಹೋಗುತ್ತದೆ. ಅದನ್ನೂ ಹಾಗೆಯೇ ಮುಚ್ಚಿ, ಮತ್ತೆ ಮೂರನೆಯದು. ಕೊನೆಯದನ್ನು ಮುಚ್ಚಿದ ಕ್ಷಣವೇ ಪಂಪಿನ ಬಳಿ ಇರುವವರಿಗೆ ಕೂಗಿ ಹೇಳಿ, ವ್ಯಾಕ್ ನಿಲ್ಲಿಸಲಿ. ನೀರಿನೊಳಗೆ ಮೊಣಕೈವರೆಗೆ ಕೈ ಇಳಿಸಿ ಮಾಡುವ ಕೆಲಸವಿದು, ಬೆರಳು ಮರಗಟ್ಟುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸ ಈಗ ಮಗನದು. ಪಕ್ಕದಲ್ಲಿ ಒಂದು ಫ್ಲಾಸ್ಕ್ ಕಾಫಿ ಇಟ್ಟಿರುತ್ತೇವೆ.

ಮುಂದೆ ಸ್ಕಿಮ್ಮರ್. ಒಂದು ಸ್ಕಿಮ್ಮರಿನ ವಾಲ್ವ್ ಮಾತ್ರ ತೆರೆದು, ಪಂಪಿನಿಂದ ಆ ಕಡೆಗೆ ಹಿಮ್ಮುಖವಾಗಿ ಊದಿ. ಸ್ಕಿಮ್ಮರಿನಲ್ಲಿ ನೀರು ಕಾರಂಜಿಯಂತೆ ಏಳುತ್ತದೆ, ಆಮೇಲೆ ತುಂತುರು, ಆಮೇಲೆ ಬರೀ ಗಾಳಿ. ಆಗ ಗಿಜ್ಮೋ ಎನ್ನುವ ಪ್ಲಾಸ್ಟಿಕ್ ಕೊಳವೆಯನ್ನು, ಅದರ ತಿರುಪಿನ ಮರೆಗೆ ಟೆಫ್ಲಾನ್ ಟೇಪ್ ಸುತ್ತಿ, ಸ್ಕಿಮ್ಮರ್ ತಳದ ತೂತಿಗೆ ತಿರುಪಿ ಕೂರಿಸಿ. ಅದು ಎರಡು ಕೆಲಸ ಮಾಡುತ್ತದೆ. ಪೈಪಿನ ಬಾಯಿ ಮುಚ್ಚುತ್ತದೆ, ಮತ್ತು ಸ್ಕಿಮ್ಮರಿನಲ್ಲಿ ಮಳೆನೀರು ಸೇರಿ ಗಡ್ಡೆಯಾದರೆ ತಾನು ಒಳಕ್ಕೆ ಕುಗ್ಗಿ ಸ್ಕಿಮ್ಮರಿನ ಗೋಡೆಯನ್ನು ಉಳಿಸುತ್ತದೆ. ಎರಡನೆಯ ಸ್ಕಿಮ್ಮರಿಗೂ ಇದೇ.

ಮೇನ್ ಡ್ರೇನ್‌ಗೆ ಪ್ಲಗ್ ಹಾಕಲು ಎಂಟಡಿ ಮುಳುಗಬೇಕು. ಬೇಕಿಲ್ಲ, ಗಾಳಿಯೇ ಅಲ್ಲಿ ಬಿರಡೆ. ಅದರ ವಾಲ್ವ್ ಮಾತ್ರ ತೆರೆದು ಊದಿ. ಆಳದ ಕಡೆಯಲ್ಲಿ ದೊಡ್ಡ ದೊಡ್ಡ ಗುಳ್ಳೆಗಳು ಎದ್ದು ಬರುತ್ತವೆ. ಅರ್ಧ ನಿಮಿಷ, ಒಂದು ನಿಮಿಷ ಬಿಟ್ಟು, ವ್ಯಾಕ್ ಇನ್ನೂ ಊದುತ್ತಿರುವಾಗಲೇ ವಾಲ್ವನ್ನು ಬಿಗಿಯಾಗಿ ಮುಚ್ಚಿ. ಪೈಪಿನಲ್ಲಿ ಸಿಕ್ಕಿದ ಗಾಳಿ ನೀರನ್ನು ಮೇಲೆ ಬರಲು ಬಿಡುವುದಿಲ್ಲ. ಶಾಪ್ ವ್ಯಾಕಿಗೆ ಅಷ್ಟು ಆಳದ ನೀರನ್ನು ತಳ್ಳಲು ಶಕ್ತಿ ಸಾಲದಿದ್ದರೆ, ಪೂಲ್ ಕೆಲಸಕ್ಕೆಂದೇ ಮಾಡಿದ ಬ್ಲೋವರ್ ಬಾಡಿಗೆಗೆ ತನ್ನಿ.

ಪೈಪ್ ಪೂರ್ತಿ ಬರಿದಾಯಿತೆಂಬ ಭರವಸೆಯಿಲ್ಲದ ಕಡೆ ಆಂಟಿಫ್ರೀಜ್ ಸುರಿಯಬಹುದು. ಪೂಲಿಗೆಂದೇ ಸಿಗುವ ಗುಲಾಬಿ ಬಣ್ಣದ್ದು, ಪ್ರೊಪಿಲೀನ್ ಗ್ಲೈಕಾಲ್. ಕಾರಿಗೆ ಹಾಕುವುದು ಎಥಿಲೀನ್ ಗ್ಲೈಕಾಲ್, ವಿಷ. ಅದು ಬೇಡವೇ ಬೇಡ. ಒಂದೂವರೆ ಇಂಚಿನ ಪೈಪಿನ ಹತ್ತು ಅಡಿಗೆ ಒಂದು ಗ್ಯಾಲನ್ ಲೆಕ್ಕ. ಗಾಳಿ ಸರಿಯಾಗಿ ಊದಿದರೆ ಇದರ ಅಗತ್ಯ ಬೀಳುವುದಿಲ್ಲ, ಆದರೆ ಮೊದಲ ಸಲ ಮಾಡುವವರು ಸ್ಕಿಮ್ಮರ್ ಪೈಪುಗಳಿಗೆ ಹಾಕಿದರೆ ರಾತ್ರಿ ನಿದ್ದೆ ಬರುತ್ತದೆ.

ಈಗ ಉಳಿದ ಪ್ಲಗ್‌ಗಳು. ಪಂಪಿನ ಎರಡು, ಹೀಟರಿನ ಎರಡು, ಹಿಂಬದಿಯದನ್ನು ಮರೆಯದೆ. ಗೇಜ್, ಗಾಜಿನ ಬುರುಡೆ ಬಿಚ್ಚಿ. ಹೀಟರಿನೊಳಗೆ ಇನ್ನೊಮ್ಮೆ ಗಾಳಿ ಊದಿ. ಮಲ್ಟಿಪೋರ್ಟ್ ಹಿಡಿಯನ್ನು ‘ವಿಂಟರ್’ ಗುರುತಿಗೆ, ಅದಿಲ್ಲದಿದ್ದರೆ ಎರಡು ಗುರುತುಗಳ ನಡುವೆ ನಿಲ್ಲಿಸಿ. ಉಪ್ಪಿನ ಪೂಲಿನವರು ಸಾಲ್ಟ್ ಸೆಲ್ ಬಿಚ್ಚಿ ಮನೆಯೊಳಗೆ ಒಯ್ಯಿರಿ. ಬಿಚ್ಚಿದ್ದೆಲ್ಲ ಒಂದು ಜಿಪ್ ಚೀಲಕ್ಕೆ, ಆ ಚೀಲ ಪಂಪಿನ ಬುಟ್ಟಿಯೊಳಗೆ. ಬೇರೆಲ್ಲೂ ಇಡಬೇಡಿ. ‘ಜೋಪಾನವಾಗಿ’ ಎಂದು ಬೇಸ್‌ಮೆಂಟಿನಲ್ಲಿಟ್ಟ ಪ್ಲಗ್ ಮೇ ತಿಂಗಳಲ್ಲಿ ಯಾರಿಗೂ ಸಿಗುವುದಿಲ್ಲ.

ಕವರ್

ಏಣಿ, ಕೈಹಿಡಿ, ಡೈವಿಂಗ್ ಬೋರ್ಡ್ ತೆಗೆದಿಟ್ಟ ಮೇಲೆ ಕವರ್. ಇದರಲ್ಲಿ ಕಾಸು ಉಳಿಸಬೇಡಿ, ಅದರಲ್ಲೂ ಮನೆಯಲ್ಲಿ ಮಕ್ಕಳಿದ್ದರೆ.

ಅಂಚಿಗೆ ನೀರಿನ ಚೀಲ ಹೇರಿ ಹಾಸುವ ಟಾರ್ಪಾಲಿನ್ ಕವರ್ ಅಗ್ಗ. ಅದು ಎಲೆ ತಡೆಯುತ್ತದೆ, ಮಗುವನ್ನು ತಡೆಯುವುದಿಲ್ಲ. ಮೇಲೆ ಮಳೆನೀರು ನಿಲ್ಲುತ್ತದೆ, ಕೆಲವೇ ಇಂಚು ನೀರಿನಲ್ಲೂ ಪುಟ್ಟ ಮಗು ಮುಳುಗಬಹುದು. ಕಾಲಿಟ್ಟರೆ ಇಡೀ ಹಾಸು ಜಾರಿ ಮೈಗೆ ಸುತ್ತಿಕೊಳ್ಳುತ್ತದೆ. ಸೇಫ್ಟಿ ಕವರ್ ಬೇರೆಯೇ ವಸ್ತು. ಪೂಲಿನ ಸುತ್ತ ಕಾಂಕ್ರೀಟಿನಲ್ಲಿ ಹಿತ್ತಾಳೆ ಆಂಕರ್ ಕೂರಿಸಿ, ಸ್ಪ್ರಿಂಗ್ ಮತ್ತು ಪಟ್ಟಿಗಳಿಂದ ಮಂಚದ ನವಾರದಂತೆ ಬಿಗಿದು ಕಟ್ಟುವುದು. ಎಎಸ್‌ಟಿಎಂ ಎಫ್‌1346 ಎಂಬ ಮಾನದಂಡದ ಪ್ರಕಾರ ಎಂಟು ಅಡಿಗಿಂತ ಅಗಲದ ಪೂಲಿನ ಕವರ್ 485 ಪೌಂಡ್, ಅಂದರೆ 220 ಕಿಲೋ, ಹೊರಬೇಕು. ಬಿದ್ದ ಮಗು ಮತ್ತು ಎತ್ತಲು ಹೋದ ಇಬ್ಬರು ದೊಡ್ಡವರು, ಮೂವರ ಭಾರದ ಲೆಕ್ಕ ಅದು. ಕೊಳ್ಳುವಾಗ ಲೇಬಲ್ಲಿನಲ್ಲಿ ಈ ಸಂಖ್ಯೆ ಹುಡುಕಿ. ನಮ್ಮ ಹಿತ್ತಲಿಗೆ ಜಿಂಕೆಗಳು ಬರುತ್ತವೆ, ಒಂದು ಬೆಳಿಗ್ಗೆ ಕವರಿನ ಹಿಮದ ಮೇಲೆ ಈ ಕಡೆಯಿಂದ ಆ ಕಡೆಗೆ ಗೊರಸಿನ ಗುರುತು ಸಾಲಾಗಿ ಬಿದ್ದಿತ್ತು. ಕವರ್ ಹಾಗೇ ಇತ್ತು.

ಕಟ್ಟುವಾಗ ಒಂದು ಬದಿಯನ್ನೇ ಬಿಗಿಯುತ್ತ ಹೋಗಬೇಡಿ. ನಾಲ್ಕು ಮೂಲೆ, ಆಮೇಲೆ ಎದುರೆದುರು ಪಟ್ಟಿ. ಸ್ಪ್ರಿಂಗ್ ಅರ್ಧದಷ್ಟು ಕುಗ್ಗಿರಲಿ. ಒಂದೂ ಪಟ್ಟಿ ಬಿಟ್ಟುಹೋಗದಂತೆ ಸುತ್ತು ನಡೆದು ನೋಡಿ. ಕವರ್ ಇದ್ದರೂ ಬೇಲಿಯ ಗೇಟಿಗೆ ಬೀಗ ಇರಲಿ. ಟಾರ್ಪಾಲಿನ್ ಕವರೇ ಇರುವವರು ನೀರಿನ ಚೀಲಗಳನ್ನು ಮುಕ್ಕಾಲು ಮಾತ್ರ ತುಂಬಿಸಿ, ಅವಕ್ಕೂ ಹಿಗ್ಗಲು ಜಾಗ ಬೇಕು. ನೆಲದ ಮೇಲೆ ನಿಲ್ಲಿಸುವ ದುಂಡು ಪೂಲಿನವರು ಕವರಿನಡಿ ನಡುವೆ ಗಾಳಿದಿಂಬು ತೇಲಿಬಿಡಿ. ಗಡ್ಡೆ ಗೋಡೆಯನ್ನು ಒತ್ತುವ ಬದಲು ದಿಂಬನ್ನು ಒತ್ತಲಿ.

ಮೊದಲ ವರ್ಷ ಫೋಟೋ ಕಳಿಸಿದಾಗ ಊರು ಸಾಗರದಿಂದ ಅಮ್ಮ ಕೇಳಿದ್ದಳು, ‘ನೀರಿಗೂ ಕಂಬಳಿ ಹೊದಿಸ್ತೀರೇನೋ?’ ಹೊದಿಸ್ತೀವಮ್ಮ, ಅಂದೆ.

ಟೆಕ್ಸಾಸ್‌ನವರಿಗೆ ಒಂದು ಮಾತು

ಡಲ್ಲಾಸ್, ಆಸ್ಟಿನ್ ಕಡೆಯ ಕನ್ನಡಿಗರು ಪೂಲ್ ಮುಚ್ಚುವುದಿಲ್ಲ, ಚಳಿ ಬಂದಾಗ ಪಂಪ್ ತಾನೇ ಓಡುವಂತೆ ಇಟ್ಟಿರುತ್ತಾರೆ. ಕರೆಂಟ್ ಇರುವವರೆಗೆ ಅದು ಸರಿ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು, ನಿಂತ ಪಂಪುಗಳು, ಫಿಲ್ಟರುಗಳು ಸಾಲುಸಾಲಾಗಿ ಸೀಳಿದವು. ಅಂಥ ರಾತ್ರಿ ಕರೆಂಟ್ ಹೋದರೆ ಕಾಯುತ್ತ ಕೂರಬೇಡಿ. ಬ್ರೇಕರ್ ಆಫ್ ಮಾಡಿ, ಪಂಪ್, ಫಿಲ್ಟರ್, ಹೀಟರ್‌ಗಳ ಡ್ರೇನ್ ಪ್ಲಗ್ ಬಿಚ್ಚಿ ನೀರು ಸುರಿಸಿಬಿಡಿ. ಹತ್ತು ನಿಮಿಷದ ಕೆಲಸ. ಪ್ಲಗ್ ಎಲ್ಲಿವೆ ಎಂದು ಹಗಲಲ್ಲೇ ನೋಡಿಕೊಂಡಿರಬೇಕು, ಅಷ್ಟೆ.

ಮುಚ್ಚಿದ ಮೇಲೆ

ತಿಂಗಳಿಗೊಮ್ಮೆ ಕವರಿನ ಒಂದು ಮೂಲೆ ಎತ್ತಿ ನೀರಿನ ಮಟ್ಟ ನೋಡಿ. ಮಳೆ ಜಾಸ್ತಿಯಾಗಿ ಸ್ಕಿಮ್ಮರ್ ಬಾಯಿಗೆ ಬಂದಿದ್ದರೆ ಸಣ್ಣ ಸಬ್‌ಮರ್ಸಿಬಲ್ ಪಂಪಿನಿಂದ ಇಳಿಸಿ. ಮಳೆಯಿಲ್ಲದೆ ತಾನಾಗಿ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಕವರ್ ಒರಗುವ ನೀರು ಕಡಿಮೆಯಾಗದಂತೆ ತುಂಬಿಸಿ. ಗಟ್ಟಿ ಕವರಿನ ಮೇಲೆ ನಿಂತ ನೀರನ್ನು ಆಗಾಗ ತೆಗೆಯುತ್ತಿರಿ. ಹಿಮವನ್ನು ಸಲಿಕೆಯಿಂದ ಕೆರೆಯಲು ಹೋಗಬೇಡಿ, ಗಡ್ಡೆಯನ್ನು ಕುಟ್ಟಿ ಒಡೆಯಲೂಬೇಡಿ. ಚೂರಿನ ಅಂಚು ಲೈನರನ್ನು ಚಾಕುವಿನಂತೆ ಕೊಯ್ಯುತ್ತದೆ.

ಏಪ್ರಿಲ್ ಕೊನೆಗೆ ನೀರು 60 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಮೊದಲೇ ತೆರೆಯಿರಿ. ಮೆಶ್ ಕವರಿನಡಿ ವಸಂತದ ಬೆಳಕು ಇಳಿಯುತ್ತದೆ, ಪಾಚಿ ನಿಮಗಿಂತ ಬೇಗ ಏಳುತ್ತದೆ. ಆ ದಿನ ಪಂಪಿನ ಮುಚ್ಚಳ ತೆಗೆದು, ಬುಟ್ಟಿಯಿಂದ ಚೀಲ ಹೊರತೆಗೆದು, ಪ್ಲಗ್‌ಗಳನ್ನು ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಎಣಿಸಿ. ನಮ್ಮಲ್ಲಿ ಏಳು.